ಸೈಕಲ್ ಮೇಲೆ ನಮ್ಮದೇ ಬಡಾವಣೆಯ ಮರೆತ ಮೂಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಬಡಾವಣೆಗಳಲ್ಲಿ ಬಹುಪಾಲು ಯಾವುದಾದರೊಂದು ಹಳ್ಳಿಯ ಗದ್ದೆ, ತೋಪು, ಕೆರೆ ಅಂಗಳಗಳ ಮೇಲೆ ಎದ್ದಂಥವು. ಆ ಹಳ್ಳಿ ಪೂರ್ತಿ ಅಳಿದುಹೋಗಿಲ್ಲ. ಕಾಂಪೌಂಡುಗಳ ಸಂದಿಯಲ್ಲಿ, ದೇವಸ್ಥಾನದ ಹಿಂಬದಿಯಲ್ಲಿ, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಬಿಡಿಬಿಡಿಯಾಗಿ ಉಳಿದುಕೊಂಡಿದೆ. ವಾರಕ್ಕೊಂದು ಬೆಳಿಗ್ಗೆ ಸೈಕಲ್ ಹತ್ತಿ ಅದನ್ನು ಹುಡುಕಬೇಕೆಂದಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ನಮ್ಮ ಬಡಾವಣೆಯಲ್ಲಿ ನೋಡುವಂಥದ್ದು ಏನೂ ಇಲ್ಲವಲ್ಲ, ಹುಡುಕುವುದಾದರೂ ಏನನ್ನು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಮುಖ್ಯರಸ್ತೆ, ಅಡ್ಡರಸ್ತೆಗಳೆಂದು ಅಂಕಿಯಿಂದ ಗುರುತಿಸುವ ಬಡಾವಣೆಯಲ್ಲಿ ಎಲ್ಲ ಬೀದಿಗಳೂ ಒಂದೇ ಬಗೆಯಾಗಿ ಕಾಣುತ್ತವೆ. ಆದರೆ ನೇರವಾದ ಹತ್ತು ಬೀದಿಗಳ ನಡುವೆ ಸೊಟ್ಟನೆಯ ಒಂದು ಬೀದಿ ಇದ್ದೇ ಇರುತ್ತದೆ. ಸೊಟ್ಟ ಬೀದಿ ಹೆಚ್ಚಾಗಿ ಹಳೆಯ ಬೀದಿ; ಅದನ್ನು ಎಂಜಿನಿಯರು ಎಳೆಯಲಿಲ್ಲ, ಎತ್ತಿನ ಗಾಡಿ ಎಳೆಯಿತು. ಅದನ್ನೇ ಹಿಡಿದು ಹೋದರೆ ಜಗಲಿಯುಳ್ಳ ಎರಡು ಮೂರು ಮನೆ, ನಾಗರಕಲ್ಲುಗಳನ್ನು ನಿಲ್ಲಿಸಿದ ಅರಳಿಕಟ್ಟೆ, ಊರ ನಡುವೆ ನೆಟ್ಟ ಕರುಗಲ್ಲು, ಈಗ ಕಸ ತುಂಬಿದ ಸೇದೋ ಬಾವಿ ಒಂದರ ಹಿಂದೆ ಒಂದು ಸಿಗುತ್ತವೆ.

ಊರಿನ ಹೆಸರೇ ಇನ್ನೊಂದು ಸುಳಿವು. ತಿಪ್ಪಸಂದ್ರ, ಬೊಮ್ಮಸಂದ್ರಗಳ ಕೊನೆಯಲ್ಲಿರುವ ‘ಸಂದ್ರ’ ಎಂಬುದು ‘ಸಮುದ್ರ’ದ ಸವೆದ ರೂಪ, ಅಂದರೆ ಅಲ್ಲೊಂದು ಕೆರೆ ಇತ್ತು. ಕುಂಟೆ, ಕಟ್ಟೆ, ಕೆರೆ ಎಂದು ಕೊನೆಯಾಗುವ ಹೆಸರುಗಳಿಗೆ ವಿವರಣೆಯೇ ಬೇಡ. ಬಸ್ಸಿನ ಬೋರ್ಡಿನಲ್ಲಿ ದಿನವೂ ಓದುವ ಹೆಸರನ್ನು ಒಮ್ಮೆ ಬಿಡಿಸಿ ಓದುವುದರಿಂದಲೇ ಹುಡುಕಾಟ ಆರಂಭವಾಗುತ್ತದೆ.

ನಡೆದೇ ಹೋಗಬಹುದು, ಇಲ್ಲವೇ ಸ್ಕೂಟರ್‌ನಲ್ಲಿ ಹೋಗಬಹುದು. ಸೈಕಲ್ಲೇ ಏಕೆ ಬೇಕು?

ಇಳಿಜಾರಿಗಾಗಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತಿರುವ ಊರು. ಇದರ ನೀರು ಮುಖ್ಯವಾಗಿ ಮೂರು ಕಣಿವೆಗಳಿಗೆ ಹಂಚಿಹೋಗುತ್ತದೆ. ಬಸವನಗುಡಿಯ ಕಡೆ ಬಿದ್ದ ಮಳೆ ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ; ಹೆಬ್ಬಾಳ ಕಣಿವೆಯ ನೀರೂ ಕೊನೆಗೆ ಅದೇ ನದಿಯನ್ನು ಸೇರುತ್ತದೆ. ಹೀಗಾಗಿ ದಿಣ್ಣೆಯ ನೆತ್ತಿಯಲ್ಲಿರುವ ಒಂದು ಮನೆಯ ಮುಂದಿನ ಹನಿ ಕಾವೇರಿಗೂ ಹಿಂದಿನ ಹನಿ ಪಿನಾಕಿನಿಗೂ ಹೋಗುವುದು ಅಸಾಧ್ಯವೇನಲ್ಲ.

ಈ ಏರಿಳಿತ ನಡೆಯುವವರಿಗೆ ಅಷ್ಟಾಗಿ ತಿಳಿಯುವುದಿಲ್ಲ, ಏಕೆಂದರೆ ಒಂದು ಗಂಟೆಯಲ್ಲಿ ಅವರು ಕ್ರಮಿಸುವ ದೂರ ಕಣಿವೆಯೊಂದರ ಆಕಾರ ಮನಸ್ಸಿಗೆ ಬರುವಷ್ಟು ಉದ್ದವಲ್ಲ. ಸ್ಕೂಟರ್ ಏರನ್ನೆಲ್ಲ ತಾನೇ ನುಂಗಿಬಿಡುತ್ತದೆ. ಸೈಕಲ್ ಮಾತ್ರ ಪ್ರತಿಯೊಂದು ಮೀಟರ್ ಏರನ್ನೂ ಮಂಡಿಗೆ ಒಪ್ಪಿಸುತ್ತದೆ. ಪೆಡಲ್ ತುಳಿಯದಿದ್ದರೂ ಸೈಕಲ್ ತಾನಾಗಿ ಎತ್ತ ಉರುಳುತ್ತದೋ ಅತ್ತ ಹಿಂದೊಮ್ಮೆ ನೀರು ಹರಿದಿದೆ. ನೀರು ಹರಿದ ಕಡೆ ಕೆರೆ, ಕೆರೆ ಇದ್ದ ಕಡೆ ಊರು, ಊರಿದ್ದ ಕಡೆ ಕಲ್ಲು. ಈ ಪುಟದಲ್ಲಿ ಮುಂದೆ ಬರುವುದೆಲ್ಲ ಈ ಒಂದು ಮಾತಿನ ವಿಸ್ತರಣೆಯೇ.

ಮೊದಲ ದಿನ ಎಲ್ಲಿಂದ ಹೊರಡಬೇಕು?

ಮನೆ ಬಾಗಿಲಿನಿಂದಲೇ ಹೊರಡಬೇಕು. ಯಾವ ತಿರುವಿನಲ್ಲಿಯೂ ಇಳಿಜಾರಿರುವ ಕಡೆಗೇ ತಿರುಗುತ್ತಾ ಹೋದರೆ ಹತ್ತು ಹದಿನೈದು ನಿಮಿಷದಲ್ಲಿ ಒಂದು ರಾಜಕಾಲುವೆಯ ಬಳಿ ತಲುಪುತ್ತೀರಿ. ಮೂಗು ಮುಚ್ಚಿಕೊಳ್ಳುವಂತಾದರೂ ಅಲ್ಲಿಯೇ ನಿಂತು ನೀರು ಹರಿಯುವ ದಿಕ್ಕನ್ನು ಗಮನಿಸಿ, ಕಾಲುವೆಗೆ ಸಮಾನಾಂತರವಾಗಿರುವ ಬೀದಿಗಳಲ್ಲಿ ಅದೇ ದಿಕ್ಕಿಗೆ ಸಾಗಬೇಕು. ಮುಂದೆ ರಸ್ತೆಯೊಂದು ಅಡ್ಡಲಾಗಿ, ಎರಡೂ ಬದಿಯ ನೆಲಕ್ಕಿಂತ ಎತ್ತರವಾಗಿ, ಬಿಲ್ಲಿನಂತೆ ತುಸು ಬಾಗಿ ಎದುರಾದರೆ ಅದು ಬಹುಮಟ್ಟಿಗೆ ಕೆರೆಯ ಏರಿ, ಅಂದರೆ ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆ.

ಏರಿ ಸಿಕ್ಕಿದ ಮೇಲೆ ಉಳಿದ ಅಂಗಗಳನ್ನು ಗುರುತಿಸುವುದು ಕಷ್ಟವಲ್ಲ. ಏರಿಯ ನೀರಿನ ಬದಿಯಲ್ಲಿ ಜೋಡಿ ಕಲ್ಲುಕಂಬಗಳು, ಅವುಗಳ ನಡುವೆ ಅಡ್ಡ ಹಾಸಿದ ತೂತಿನ ಚಪ್ಪಡಿಗಳು ಕಂಡರೆ ಅದು ತೂಬು. ಆ ತೂತುಗಳ ಮೂಲಕ ಇಳಿಬಿಟ್ಟ ಮರದ ಗಳುವಿನ ತುದಿಯಲ್ಲಿ ಬಿರಡೆ ಇರುತ್ತಿತ್ತು. ನೀರಗಂಟಿ ಅದನ್ನು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುತ್ತಿದ್ದನು. ಏರಿಯ ಒಂದು ತುದಿಯಲ್ಲಿ ನೆಲಮಟ್ಟ ತಗ್ಗಿ, ಕಲ್ಲು ಹಾಸಿದ ಜಾಗವಿದ್ದರೆ ಅದು ಕೋಡಿ, ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ದಾರಿ. ಏರಿಯ ಕೆಳಗಿನ ತಗ್ಗೆಲ್ಲ ಕೆರೆಯ ನೀರುಣ್ಣುವ ಗದ್ದೆಗಳ ಅಚ್ಚುಕಟ್ಟು ಪ್ರದೇಶವಾಗಿತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟುಗಳಿದ್ದರೆ ಮಳೆಗಾಲದಲ್ಲಿ ಅವುಗಳ ನೆಲಮಾಳಿಗೆಗೆ ನೀರು ಏಕೆ ನುಗ್ಗುತ್ತದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಏರಿಯ ಮೇಲೋ ಕೋಡಿಯ ಬಳಿಯೋ ಗಂಗಮ್ಮ, ದುಗ್ಗಲಮ್ಮ ಇಲ್ಲವೇ ಮುನೇಶ್ವರನ ಗುಡಿ ಇರುವುದು ವಾಡಿಕೆ. ಗುಡಿಗೆ ಹೊಸ ಗ್ರಾನೈಟ್ ಹಾಕಿಸಿದ್ದರೆ ಹಳೆಯ ಕಲ್ಲುಗಳನ್ನು ಹಿಂದಿನ ಗೋಡೆಗೆ ಒರಗಿಸಿಟ್ಟಿರುತ್ತಾರೆ, ಸುತ್ತು ಹಾಕಿ ನೋಡಬೇಕು.

ನಮ್ಮ ಕಡೆ ಕೆರೆಯೇ ಇಲ್ಲ. ಆಗೇನು ಮಾಡುವುದು?

ಇಲ್ಲದಿರುವುದನ್ನೂ ಸೈಕಲ್ ತೋರಿಸುತ್ತದೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್‌ನ ಬಸ್ ನಿಲ್ದಾಣವಾಯಿತು, ಕೋರಮಂಗಲದ ಕೆರೆಯ ಜಾಗದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿ ಸಮುಚ್ಚಯ ಎದ್ದಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಸಂಪಂಗಿಯದು ಮಾತ್ರ ಒಂದು ತುಣುಕು ಕಲ್ಯಾಣಿಯಂತೆ ಇಂದಿಗೂ ಉಳಿದಿದೆ, ಕರಗದ ಕಾಲಕ್ಕೆ ಅಲ್ಲಿ ಪೂಜೆ ನಡೆಯುತ್ತದೆ. ಕ್ರೀಡಾಂಗಣದ ಪಕ್ಕದಲ್ಲಿ ದಿನವೂ ಹಾದುಹೋಗುವ ಸಾವಿರಾರು ಜನರಲ್ಲಿ ಆ ನೀರನ್ನು ಕಂಡವರು ಕಡಿಮೆ.

ಬಡಾವಣೆಯ ನಡುವೆ ತಟ್ಟೆಯಂತೆ ಸಮತಟ್ಟಾದ ದೊಡ್ಡ ಜಾಗವಿದ್ದು, ಮೂರು ಕಡೆಯಿಂದ ಅದರೊಳಕ್ಕೆ ಇಳಿಯಬೇಕಾಗಿ, ನಾಲ್ಕನೆಯ ಕಡೆ ಮಾತ್ರ ಏರಿದ ಕೂಡಲೇ ಮತ್ತೆ ಇಳಿಯುವಂತಿದ್ದರೆ, ಆ ತಟ್ಟೆ ಕೆರೆ ಅಂಗಳ, ಆ ನಾಲ್ಕನೆಯ ದಿಬ್ಬ ಏರಿ. ಕಾರಿನಲ್ಲಿ ಇದು ಸ್ಪೀಡ್ ಬ್ರೇಕರ್‌ನಷ್ಟೂ ತಟ್ಟುವುದಿಲ್ಲ. 2022ರ ಸೆಪ್ಟೆಂಬರ್‌ನ ಮಳೆಗೆ ಹೊರವರ್ತುಲ ರಸ್ತೆಯ ಸುತ್ತಮುತ್ತ ಟ್ರ್ಯಾಕ್ಟರ್‌ಗಳಲ್ಲಿ, ದೋಣಿಗಳಲ್ಲಿ ಜನರನ್ನು ಸಾಗಿಸಬೇಕಾಗಿ ಬಂದಾಗ, ನೀರು ತನ್ನ ಹಳೆಯ ನಕ್ಷೆಯನ್ನು ತಾನೇ ಬರೆದು ತೋರಿಸಿತ್ತು.

ಗುಡಿಯ ಹಿಂದೆ ಕೆತ್ತನೆಯ ಕಲ್ಲು ಸಿಕ್ಕಿದರೆ ಅದು ಏನೆಂದು ಹೇಗೆ ತಿಳಿಯುವುದು?

ಸಾಮಾನ್ಯವಾಗಿ ಸಿಗುವುದು ವೀರಗಲ್ಲು, ಅಂದರೆ ಕಾಳಗದಲ್ಲಿ ಮಡಿದ ವೀರನ ನೆನಪಿಗೆ ನಿಲ್ಲಿಸಿದ ಕಲ್ಲು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಬಿಲ್ಲು ಅಥವಾ ಕತ್ತಿ ಹಿಡಿದ ವೀರನ ಕಾಳಗ; ಅದರ ಮೇಲೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು; ಎಲ್ಲಕ್ಕಿಂತ ಮೇಲೆ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುವುದು. ನೆತ್ತಿಯಲ್ಲಿ ಸೂರ್ಯ ಚಂದ್ರರಿದ್ದರೆ ಅವರಿರುವವರೆಗೂ ಇವನ ಕೀರ್ತಿ ಇರಲೆಂದು ಅರ್ಥ. ಕೆಳಗಿನ ಅಂಕಣದಲ್ಲಿ ಹಸುಗಳಿದ್ದರೆ ಅವನು ಸತ್ತದ್ದು ರಾಜ್ಯಕ್ಕಾಗಿ ಅಲ್ಲ, ತುರುಗಳಿಗಾಗಿ: ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ಊರ ದನಗಳನ್ನು ಮರಳಿ ತರಲು ಹೋದವನು. ಎಲ್ಲ ಕಲ್ಲುಗಳಲ್ಲೂ ಮೂರು ಅಂಕಣ ಇರುವುದಿಲ್ಲ. ಗಂಗರ ಕಾಲದವು ಒಂದೇ ಅಂಕಣದವೂ ಆಗಿರಬಹುದು.

ಕಂಬದಿಂದ ಹೊರಚಾಚಿದ, ಬಳೆ ತೊಟ್ಟ, ಮೊಣಕೈಯಲ್ಲಿ ಮಡಚಿದ ತೋಳು ಕಂಡರೆ ಅದು ಮಾಸ್ತಿಕಲ್ಲು, ಅಂದರೆ ಸಹಗಮನ ಮಾಡಿದ ಹೆಣ್ಣಿನ ನೆನಪಿನ ಕಲ್ಲು. ಮೊಳದುದ್ದದ ಒರಟು ಕಲ್ಲಿನ ಮೇಲೆ ಲಿಂಗವೋ, ಕೊಡೆ ಹಿಡಿದ ಕುಳ್ಳ ವಾಮನನೋ ಇದ್ದರೆ ಅದು ದತ್ತಿ ಜಮೀನಿನ ಎಲ್ಲೆ ತೋರಿಸುವ ಮುದ್ರೆಕಲ್ಲು: ಲಿಂಗಮುದ್ರೆ ಶಿವಾಲಯದ್ದು, ವಾಮನಮುದ್ರೆ ವಿಷ್ಣುವಿನ ದೇಗುಲದ್ದು. ಬೀದಿ ಬದಿಯಲ್ಲಿ ಮೈಲಿಗಲ್ಲೆಂದು ಎಲ್ಲರೂ ಕಡೆಗಣಿಸುವುದು ಹೆಚ್ಚಾಗಿ ಈ ಮುದ್ರೆಕಲ್ಲುಗಳನ್ನೇ.

ಯಾವ ಊರಿನಲ್ಲಿ ಶಾಸನವಿದೆ ಎಂದು ಮೊದಲೇ ತಿಳಿಯಲು ಸಾಧ್ಯವೇ?

ಸಾಧ್ಯ. ಶಾಸನತಜ್ಞ ಬಿ. ಎಲ್. ರೈಸ್ ಸಂಪಾದಿಸಿದ ಶಾಸನಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೆಯ ಸಂಪುಟ ಬೆಂಗಳೂರು ಜಿಲ್ಲೆಗೆ ಮೀಸಲಾಗಿದ್ದು 1905ರಲ್ಲಿ ಪ್ರಕಟವಾಯಿತು. ತಾಲ್ಲೂಕು, ಊರುಗಳ ಪ್ರಕಾರ ಜೋಡಿಸಿದ ಅದರಲ್ಲಿ ಪ್ರತಿ ಶಾಸನಕ್ಕೂ ಇಂಥ ಗುಡಿಯ ಮುಂದೆ, ಇಂಥವರ ಹೊಲದಲ್ಲಿ, ಕೆರೆ ಏರಿಯ ಮೇಲೆ ಎಂದು ನೆಲೆಯನ್ನು ಗುರುತಿಸಿದೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ವಿಳಾಸಗಳನ್ನು ಇಂದಿನ ಬೀದಿಗಳಲ್ಲಿ ಹುಡುಕುವುದು ಸೈಕಲ್ ಸವಾರಿಗೆ ಸಿಗಬಹುದಾದ ಅತ್ಯುತ್ತಮ ನೆಪವೆಂದೇ ನನ್ನ ಎಣಿಕೆ. ಕೆಲವು ಕಲ್ಲುಗಳು ಅಲ್ಲೇ ಇರುತ್ತವೆ, ಕೆಲವು ರಸ್ತೆ ಅಗಲೀಕರಣದಲ್ಲಿ ಹೋಗಿರುತ್ತವೆ, ಕೆಲವನ್ನು ಬಟ್ಟೆ ಒಗೆಯಲು ಹಾಸಿರುತ್ತಾರೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಎಂಬ ಇತಿಹಾಸ ಸಂಶೋಧನಾ ಸಂಸ್ಥೆಯು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುವ ಕೆಲಸವನ್ನು ನಡೆಸಿಕೊಂಡು ಬಂದಿದೆ.

ಎರಡು ಉದಾಹರಣೆಗಳನ್ನು ಕೊಡಬಹುದು. ಬೇಗೂರಿನ ಕೆರೆಗೆ ಸಮೀಪದ ನಾಗೇಶ್ವರ ದೇವಾಲಯದಲ್ಲಿ ಸುಮಾರು 9ನೆಯ ಶತಮಾನದ ಕೊನೆಯ ವೀರಗಲ್ಲೊಂದಿದೆ. ಅದರಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಕೆಂಪೇಗೌಡರಿಗಿಂತ ಆರು ಶತಮಾನಗಳಿಗೂ ಹಿಂದೆ ಬೆಂಗಳೂರೆಂಬ ಹೆಸರಿತ್ತು ಎಂಬುದಕ್ಕೆ ಸಾಕ್ಷಿ ಅದೇ. ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು ಕಸ್ತೂರ ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇನ್ನು ಹೆಬ್ಬಾಳದಲ್ಲಿ ಗಂಗರ ಶ್ರೀಪುರುಷನ ಕಾಲದ, ಸುಮಾರು 750ರದೆಂದು ಗುರುತಿಸಲಾದ ಕಿತ್ತಯ್ಯನೆಂಬ ವೀರನ ಕಲ್ಲು ಕೆಲವೇ ವರ್ಷಗಳ ಹಿಂದೆ ಬೆಳಕಿಗೆ ಬಂತು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ದಿನವೂ ಅರ್ಧ ಗಂಟೆ ನಿಂತು ಕಾಯುವವರಿಗೆ ಕೂಗಳತೆಯಲ್ಲಿ ಹನ್ನೆರಡೂವರೆ ಶತಮಾನಗಳಷ್ಟು ಹಳೆಯ ಕನ್ನಡ ಅಕ್ಷರಗಳಿವೆ.

ಅಕ್ಷರ ಸರಿಯಾಗಿ ಕಾಣದಿದ್ದರೆ ಸೀಮೆಸುಣ್ಣ ಬಳಿದು ನೋಡಬಹುದೇ?

ಬೇಡ. ಸೀಮೆಸುಣ್ಣ, ಮೈದಾಹಿಟ್ಟು, ಎಣ್ಣೆ, ತಂತಿಯ ಬ್ರಷ್ಷು ಯಾವುದನ್ನೂ ಕಲ್ಲಿಗೆ ತಾಗಿಸಬಾರದು; ಆ್ಯಸಿಡ್ ಹಾಕಿ ತೊಳೆಯುವುದಂತೂ ಕಲ್ಲನ್ನು ಕೊಂದಂತೆ. ಸೂರ್ಯೋದಯದ ಮರುಗಳಿಗೆಯಲ್ಲೋ ಸಂಜೆಯೋ ಓರೆ ಬಿಸಿಲು ಬೀಳುವ ಹೊತ್ತಿಗೆ ಹೋದರೆ ಮಧ್ಯಾಹ್ನ ನುಣುಪಾಗಿ ಕಂಡ ಕಲ್ಲಿನಲ್ಲಿಯೇ ಸಾಲುಸಾಲಾಗಿ ಅಕ್ಷರಗಳು ಎದ್ದು ನಿಲ್ಲುತ್ತವೆ. ಬಿಸಿಲಿಲ್ಲದಿದ್ದರೆ ಸೈಕಲ್‌ನ ಮುಂದಿನ ದೀಪವನ್ನು ಬಿಚ್ಚಿ, ಕಲ್ಲಿಗೆ ಒರಗಿಸಿದಂತೆ ಪಕ್ಕದಿಂದ ಬೆಳಕು ಹಾಯಿಸಿ ಫೋಟೊ ತೆಗೆಯಬಹುದು. ಅರಿಶಿನ ಕುಂಕುಮ ಹಚ್ಚಿ ಪೂಜಿಸುತ್ತಿರುವ ಕಲ್ಲಾದರೆ ಚಪ್ಪಲಿ ಬಿಟ್ಟು, ಪೂಜೆ ಮಾಡುವವರನ್ನು ಕೇಳಿಯೇ ಮುಂದುವರಿಯಬೇಕು. ಕಲ್ಲನ್ನು ಎತ್ತಿ ಮನೆಗೋ ಬೇರೆ ‘ಸುರಕ್ಷಿತ’ ಜಾಗಕ್ಕೋ ಸಾಗಿಸುವ ಸದುದ್ದೇಶವೂ ಬೇಡ. ನೆಲೆ ತಪ್ಪಿದ ಶಾಸನ ಅರ್ಧ ಶಾಸನ. ಕಲ್ಲಿಗೆ ಅಪಾಯವಿದ್ದರೆ ಪುರಾತತ್ತ್ವ ಇಲಾಖೆಗೆ ಫೋಟೊ ಸಹಿತ ಬರೆದು ತಿಳಿಸಬೇಕು.

ಯಾವ ನಕ್ಷೆ ಉಪಯುಕ್ತ?

ಮೊಬೈಲಿನ ಸಾಮಾನ್ಯ ನಕ್ಷೆ ಹೋಟೆಲು, ಅಂಗಡಿಗಳನ್ನು ತೋರಿಸುತ್ತದೆಯೇ ಹೊರತು ಹಳ್ಳಿಯನ್ನಲ್ಲ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರು, ಹಳ್ಳಿಯ ಎಲ್ಲೆ, ಕೆರೆ, ಕಾಲುವೆಗಳು ಕಾಣುತ್ತವೆ. ಹಳೆಯ ಗ್ರಾಮನಕ್ಷೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಗುಂಡುತೋಪು (ಊರಿಗೆಲ್ಲ ಸೇರಿದ ಮರಗಳ ತೋಪು), ಸ್ಮಶಾನ, ಬಂಡಿದಾರಿಗಳೆಲ್ಲ ಅದರಲ್ಲಿ ಇರುತ್ತವೆ. ದಾಖಲೆಯಲ್ಲಿ ಗುಂಡುತೋಪೆಂದು ಇರುವ ಕಡೆ ಹೋಗಿ ನೋಡಿದರೆ ಎರಡೋ ಮೂರೋ ಮುದಿ ಮಾವು, ನೇರಳೆ, ಹುಣಸೆ ಮರಗಳು ಯಾವುದೋ ಶೆಡ್ಡಿನ ಹಿಂದೆ ನಿಂತಿರುವುದುಂಟು. ಆದರೆ ನಕ್ಷೆಯನ್ನು ಹೊರಡುವ ಮುನ್ನ ನೋಡಿ, ದಾರಿಯಲ್ಲಿ ಜೇಬಿನಲ್ಲಿಡುವುದು ಲೇಸು. ನಕ್ಷೆ ಹಿಡಿದು ಮನೆ ಮುಂದೆ ನಿಂತವನನ್ನು ಊರಿನವರು ಸೈಟು ಅಳೆಯಲು ಬಂದವನೆಂದೇ ತಿಳಿಯುತ್ತಾರೆ. ನನಗೂ ಹಾಗಾಗಿದೆ, ಅರ್ಧ ಗಂಟೆ ವಿವರಿಸಿದ ಮೇಲೂ ಯಜಮಾನರೊಬ್ಬರು ತಮ್ಮ ಖಾತಾ ಸರಿಯಾಗಿದೆಯೆಂದು ದಾಖಲೆ ತಂದು ತೋರಿಸಿದರು.

ಊರಿನವರನ್ನು ಹೇಗೆ ಕೇಳಬೇಕು?

‘ಇಲ್ಲಿ ಪ್ರಾಚೀನ ಶಾಸನವೇನಾದರೂ ಇದೆಯೇ’ ಎಂದರೆ ಇಲ್ಲವೆಂಬ ಉತ್ತರವೇ ಬರುತ್ತದೆ. ‘ಅಜ್ಜಿ, ಅಕ್ಷರ ಬರೆದಿರೋ ಕಲ್ಲು ಎಲ್ಲಾದ್ರೂ ನೋಡಿದ್ದೀರಾ?’ ಎಂದು ಕೇಳಿದರೆ ಕೈ ತಾನಾಗಿ ಒಂದು ದಿಕ್ಕಿಗೆ ಏಳುತ್ತದೆ. ಹಿರಿಯರಾದರೆ ‘ಯಜಮಾನ್ರೇ’ ಎಂದು, ಅಂಗಡಿಯವರಾದರೆ ‘ಅಣ್ಣ’, ‘ಅಕ್ಕ’ ಎಂದು ಮಾತಿಗಾರಂಭಿಸಿ, ಸೈಕಲ್‌ನಿಂದ ಇಳಿದು ನಿಂತು ಮಾತನಾಡಿಸಬೇಕು. ಕೆರೆಯ ಬಗ್ಗೆ ಕೇಳುವಾಗ ‘ಮೊದಲು ನೀರು ಎಲ್ಲೀವರೆಗೂ ಬರ್ತಿತ್ತು?’ ಎಂಬ ಒಂದೇ ಪ್ರಶ್ನೆ ಸಾಕು. ಈಜು ಕಲಿತದ್ದು, ಎಮ್ಮೆ ತೊಳೆದದ್ದು, ಕೋಡಿ ಬಿದ್ದಾಗ ಊರೆಲ್ಲ ಸೇರಿ ಪೂಜೆ ಮಾಡಿದ್ದು ಎಲ್ಲವೂ ಅದರ ಹಿಂದೆಯೇ ಬರುತ್ತವೆ.

ಇದಕ್ಕೆ ಎಂಥ ಸೈಕಲ್ ಬೇಕು?

ಮನೆಯಲ್ಲಿರುವುದೇ ಸಾಕು. ಗೇರ್ ಇದ್ದರೆ ಕಣಿವೆಯಿಂದ ಮೇಲೇರುವುದು ಸುಲಭ, ಇಲ್ಲದಿದ್ದರೆ ಇಳಿದು ತಳ್ಳಬಹುದು. ತೀರ ಸಪೂರ ಟೈರಿನ ರೇಸಿಂಗ್ ಸೈಕಲ್ ಮಾತ್ರ ಈ ಕೆಲಸಕ್ಕೆ ಒಗ್ಗದು. 35 ಮಿಲಿಮೀಟರ್ ಅಥವಾ ಅದಕ್ಕಿಂತ ಅಗಲದ ಟೈರಿದ್ದರೆ ಕಲ್ಲುಚಪ್ಪಡಿ, ಜಲ್ಲಿ, ಕೆಸರು ಎಲ್ಲವನ್ನೂ ತಾಳಿಕೊಳ್ಳುತ್ತದೆ. ಪಂಪು, ಪಂಚರ್ ಹಾಕುವ ಸಾಮಾನು, ಗಟ್ಟಿ ಬೀಗ, ಬೆಲ್ಲು, ನೀರು ಜೊತೆಗಿರಲಿ. ಸ್ಟ್ಯಾಂಡ್ ಇರುವ ಸೈಕಲ್ ಆದರೆ ಇಳಿದಿಳಿದು ನೋಡುವುದಕ್ಕೆ ಅನುಕೂಲ. ದುಬಾರಿ ಸೈಕಲ್‌ಗಳಿಗೆ ಸ್ಟ್ಯಾಂಡ್ ಏಕೆ ಕೊಡುವುದಿಲ್ಲವೋ ಎಂಬುದು ನನಗೆ ಇಂದಿಗೂ ಒಗಟು.

ಯಾವ ಹೊತ್ತು, ಯಾವ ತಿಂಗಳು ಒಳ್ಳೆಯದು?

ಭಾನುವಾರದ ಬೆಳಿಗ್ಗೆ 6ರಿಂದ 8ರವರೆಗೆ. ಬೆಂಗಳೂರಿನಲ್ಲಿ ಹೆಚ್ಚು ಮಳೆಯಾಗುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ರಾತ್ರಿ ಚೆನ್ನಾಗಿ ಮಳೆ ಬಿದ್ದ ಮರುದಿನ ಹೊರಟರೆ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬೇರೆ ಯಾವ ದಿನಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಆದರೆ ನೀರು ನಿಂತ ರಸ್ತೆಯೊಳಕ್ಕೆ ಸೈಕಲ್ ಇಳಿಸಲೇಬಾರದು, ಕೆಳಗೆ ಮುಚ್ಚಳವಿಲ್ಲದ ಮ್ಯಾನ್‌ಹೋಲ್ ಇರಬಹುದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ನೀರಿನಲ್ಲಿ ಮುಳುಗಿರುವ ತೂಬಿನ ಕಂಬಗಳು ಪೂರ್ತಿಯಾಗಿ ಕಾಣಸಿಗುತ್ತವೆ.

ವಾಹನ, ನಾಯಿಗಳ ನಡುವೆ ಸುರಕ್ಷಿತವೇ?

ಒಳಬೀದಿಗಳಲ್ಲಿ ಭಯಪಡಬೇಕಾದದ್ದು ಲಾರಿಗಳಿಗಿಂತ ಹೆಚ್ಚಾಗಿ ನಿಂತಿರುವ ಕಾರುಗಳಿಗೆ: ಬಾಗಿಲು ತಟ್ಟನೆ ತೆರೆದುಕೊಳ್ಳಬಹುದಾದ್ದರಿಂದ ಒಂದು ಮೀಟರ್ ಅಂತರ ಬಿಟ್ಟೇ ಸಾಗಬೇಕು. ಚರಂಡಿಯ ಕಬ್ಬಿಣದ ಜಾಲರಿಯ ಸರಳುಗಳು ನೀವು ಹೋಗುವ ದಿಕ್ಕಿಗೇ ಇದ್ದರೆ ಗಾಲಿ ಸಿಕ್ಕಿಕೊಳ್ಳುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯುವ ಬದಲು ಇಳಿದು, ಸೈಕಲ್ಲನ್ನು ನಡುವೆ ಅಡ್ಡವಾಗಿಟ್ಟುಕೊಂಡು ನಿಧಾನವಾಗಿ ನಡೆದರೆ ಬಹುತೇಕ ನಾಯಿಗಳು ಸುಮ್ಮನಾಗುತ್ತವೆ. ಜನಸಂಚಾರ ಕಡಿಮೆಯಿರುವ ಏರಿ, ಕಾಲುವೆಯಂಚುಗಳಿಗೆ ಜೊತೆಗಾರರೊಂದಿಗೆ ಹೋಗುವುದು ಒಳಿತು. ಹೆಲ್ಮೆಟ್ ಹಾಕಿಕೊಳ್ಳಿ.

ಕೆರೆಯ ಉದ್ಯಾನದೊಳಗೆ, ಗೇಟುಳ್ಳ ಬಡಾವಣೆಯೊಳಗೆ ಬಿಡುತ್ತಾರೆಯೇ?

ಬೇಲಿ ಹಾಕಿದ ಕೆರೆಗಳಲ್ಲಿ ಹೆಚ್ಚಿನವುಗಳ ನಡೆದಾರಿಗೆ ಸೈಕಲ್ ಒಯ್ಯಲು ಬಿಡುವುದಿಲ್ಲ. ಹೊರಗೆ ಬೀಗ ಹಾಕಿ ನಡೆದು ನೋಡುವುದೇ ಸರಿ. ಗೇಟುಳ್ಳ ಬಡಾವಣೆಯೊಳಗೆ ಹಳೆಯ ಗುಡಿಯೋ ಕಲ್ಲೋ ಸಿಕ್ಕಿಕೊಂಡಿದ್ದರೆ ಕಾವಲುಗಾರನೊಂದಿಗೆ ವಾದಿಸಿ ಪ್ರಯೋಜನವಿಲ್ಲ, ಅದು ಅವನ ಕೈಯಲ್ಲಿರುವ ವಿಷಯವೂ ಅಲ್ಲ. ಹಬ್ಬದ ದಿನ ಹೋದರೆ ಗುಡಿಗೆ ಬರುವ ಹಳ್ಳಿಯವರ ಜೊತೆಯಲ್ಲಿಯೇ ಒಳಗೆ ಹೋಗಬಹುದು.

ಬೆಂಗಳೂರಿನ ಹೊರಗೂ ಈ ಕ್ರಮ ನಡೆಯುತ್ತದೆಯೇ?

ಹಳೆ ಮೈಸೂರಿನ ಕೆರೆಸೀಮೆಯಲ್ಲೆಲ್ಲ ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತದೆ. ಮೈಸೂರಿನಲ್ಲಿ ಕಾವೇರಿಯ ನೀರು ತರಲು ದಿವಾನ್ ಪೂರ್ಣಯ್ಯನವರು ತೋಡಿಸಲಾರಂಭಿಸಿ ಅಪೂರ್ಣವಾಗಿಯೇ ಉಳಿದ ನಾಲೆಯ ಜಾಡನ್ನು ಹಿಡಿಯಬಹುದು. 2017ರಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ವ್ಯವಸ್ಥೆಯಿಂದ ಆ ಊರು ಈ ವಿಷಯದಲ್ಲಿ ರಾಜ್ಯಕ್ಕೆ ದಾರಿ ತೋರಿಸಿತು. ಮಂಗಳೂರಿನಲ್ಲಿ ಮಾತ್ರ ಲೆಕ್ಕ ಬೇರೆ: ಅಲ್ಲಿ ಮುರಕಲ್ಲಿನ ಗುಡ್ಡಗಳ ಏರು ಕಡಿದು, ನೀರಿನ ಜಾಡು ತೋಡುಗಳೆಂಬ ಹಳ್ಳಗಳದು, ಹುಡುಕಬೇಕಾದದ್ದು ನಾಗಬನ, ದೈವದ ಕಟ್ಟೆಗಳನ್ನು.

ಕಂಡದ್ದನ್ನು ಬರೆದಿಡಬೇಕೇ?

ತಾರೀಖು, ಜಾಗ, ಎರಡು ಸಾಲು ವಿವರ, ಅಳತೆಗಾಗಿ ಪಕ್ಕದಲ್ಲಿ ಸೈಕಲ್ ಪಂಪು ಇಟ್ಟು ತೆಗೆದ ಒಂದು ಫೋಟೊ, ಇಷ್ಟು ಸಾಕು. ಮುಂದೊಂದು ದಿನ ಆ ಕಲ್ಲು ಅಲ್ಲಿಲ್ಲದಾದಾಗ ಅಷ್ಟೇ ದಾಖಲೆಯಾಗುತ್ತದೆ.

ಎಷ್ಟು ವಾರಗಳಲ್ಲಿ ನಮ್ಮ ಬಡಾವಣೆ ಮುಗಿಯುತ್ತದೆ?

ಮನೆಯಿಂದ ಮೂರು ಕಿಲೋಮೀಟರ್ ದೂರದೊಳಗಿನ ಬೀದಿಗಳನ್ನೆಲ್ಲ ಒಮ್ಮೆ ಮುಟ್ಟಲು, ವಾರಕ್ಕೆರಡು ಗಂಟೆಯಂತೆ, ಹಲವು ತಿಂಗಳೇ ಬೇಕಾಗಬಹುದು. ಅದಾದ ಮೇಲೆ ಅದೇ ಬೀದಿಗಳನ್ನು ತಿರುಗುಮುರುಗಾಗಿ ಹಿಡಿಯಬೇಕು, ಏಕೆಂದರೆ ಇಳಿಯುವಾಗ ಕಣ್ಣೆಲ್ಲ ರಸ್ತೆಯ ಮೇಲೆಯೇ ಇರುತ್ತದೆ. ನಾನು ಎರಡು ವರ್ಷ ಇಳಿದುಹೋಗುತ್ತಿದ್ದ ಬೀದಿಯೊಂದನ್ನು ಚೈನು ಕಳಚಿದ ದಿನ ತಳ್ಳಿಕೊಂಡು ಹತ್ತಬೇಕಾಗಿ ಬಂದಾಗಲೇ, ಮೋರಿಗೆ ಹಾಸಿದ ಚಪ್ಪಡಿಯ ಅಂಚಿನಲ್ಲಿ ಕೆತ್ತಿದ ಹಸುವಿನ ಹಿಂಗಾಲು ಕಂಡಿತು.